ಪಾಕದ ಬ್ರಷ್ಷು

ಫೆಬ್ರವರಿ 10, ಸೋಮವಾರ

ಚಿನ್ನದಂಥ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಭಾವಿಸುತ್ತೇನೆ ಅಂತ ಬರೆಯುವುದು ನನ್ನ ರೂಢಿ, ಈ ಸಲ ಅದನ್ನು ಬರೆಯಲು ಕೈ ಬರಲಿಲ್ಲ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ತಡಮಾಡಿದ್ದಕ್ಕೆ ಬೈದುಕೊಳ್ಳಬೇಡ. ಎರಡು ಸಲ ಕಾಗದ ಹಿಡಿದು ಕೂತೆ, ಎರಡು ಸಲವೂ ಎದ್ದುಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಫೋನ್ ಮಾಡೋಣವೆಂದರೆ ನನ್ನ ಕಿವಿಯ ಯೋಗ್ಯತೆ ನಿನಗೆ ಗೊತ್ತಲ್ಲ, ಆ ಕಡೆ ನೀನು ಅತ್ತರೂ ನಕ್ಕ ಹಾಗೆ ಕೇಳಿಸುತ್ತದೆ.

ನಿನ್ನ ಚೂಟಿಗೆ, ಎಂಟು ವರ್ಷದ ಮಗುವಿಗೆ, ಸಕ್ಕರೆ ಕಾಯಿಲೆ ಅಂದರೆ ಮೊದಲು ನಾನು ನಂಬಲೇ ಇಲ್ಲ. ಅದು ನನ್ನಂಥವರಿಗೆ ಬರುವುದು ಅಂದುಕೊಂಡಿದ್ದೆ. ನಿನ್ನ ಪತ್ರವನ್ನು ಎದುರಂಗಡಿಯ ಟೈಲರಣ್ಣನಿಗೆ ಓದಿ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು, “ಅಕ್ಕಾ, ನಿಮ್ಮ ಬಿಸ್ಕತ್ತು ತಿಂದೂ ತಿಂದೂ ಬಂತೇನೋ?” ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವನನ್ನೇನೂ ಅನ್ನಲಿಲ್ಲ ನಾನು. ನನ್ನ ಹೊಟ್ಟೆಯೊಳಗಿದ್ದ ಪ್ರಶ್ನೆಯೂ ಅದೇ ಆಗಿತ್ತು. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಮೈಯೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಟ್ಟಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಅಂತ ಡಾಕ್ಟರು ಹೇಳಿದರೆಂದು ನೀನು ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ನೀನು ನನ್ನ ಮನಸ್ಸು ಅರಿತೇ ಅದನ್ನು ಬರೆದೆ. ತಾಯಿ ಇಲ್ಲದ ಮಗು ಅಂತ ನಿನ್ನನ್ನು ಎತ್ತಿಕೊಂಡು ಬಂದವಳು ನಾನು. ಈಗ ನನ್ನನ್ನು ಎತ್ತಿಕೊಳ್ಳುವ ಸರದಿ ನಿನಗೆ ಬಂದಿದೆ.

ಮೂವತ್ತೊಂದು ವರ್ಷ ಶಾಲೆ ಗೇಟಿನೆದುರು ಬೇಕರಿ ನಡೆಸಿದೆ. ಮೈದಾ ಚೀಲದ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತೆ. ನನಗೆ ಬಂದ ಮೊದಲ ಪದ ‘ಸಕ್ಕರೆ’. ಗಂಟೆ ಹೊಡೆದರೆ ಮಕ್ಕಳು “ಬಿಸ್ಕತ್ತಜ್ಜೀ” ಅಂತ ಕೂಗುತ್ತಾ ಗುಬ್ಬಿಗಳ ಹಾಗೆ ಬಂದು ಬೀಳುತ್ತಿದ್ದವು. ಆಗಿನ್ನೂ ನನಗೆ ಒಂದು ಕೂದಲೂ ನೆರೆತಿರಲಿಲ್ಲ, ಆಗಲೇ ಅಜ್ಜಿ! ನನ್ನ ಜಾಮ್ ಬಿಸ್ಕತ್ತನ್ನು ಯಾವ ಮಗುವೂ ಅರ್ಧ ತಿಂದು ಬಿಟ್ಟದ್ದನ್ನು ನಾನು ನೋಡಿಲ್ಲ. ಚೂಟಿಗೂ ಅದೇ ಪ್ರಾಣ. ಏಪ್ರಿಲ್ ರಜೆಯಲ್ಲಿ ಅವಳು ಬಂದಾಗ ಬೇರೆ ಯಾವ ತಿಂಡಿಯಾದರೂ ಕೊಡಬಹುದು. ಆದರೆ ಅವಳು ಡಬ್ಬಿಯ ಕಡೆ ನೋಡಿ ಸುಮ್ಮನಾಗುವುದನ್ನು ನನ್ನಿಂದ ನೋಡಲಾಗದು. ಹಾಗಾಗಿ ಈಗಲೇ ಶುರುಮಾಡಿದ್ದೇನೆ.

ಮೊದಲ ಸಲ ಸಕ್ಕರೆ ಬಿಟ್ಟು ಜೇನು ಹಾಕಿದೆ. ಎರಡನೆಯ ಸಲ ಖರ್ಜೂರ ಅರೆದು ಹಾಕಿದೆ. ಬಹಳ ಚೆನ್ನಾಗಿ ಬಂತು. ಹೆಮ್ಮೆಯಿಂದ ಒಂದು ಪೊಟ್ಟಣ ಕಟ್ಟಿಕೊಂಡು ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ತೋರಿಸಲು ಹೋದೆ. ಅವಳು ತಿಂದು, ಬೆರಳು ನೆಕ್ಕಿ, ಆಮೇಲೆ ಅಂದಳು, “ಅಜ್ಜೀ, ಜೇನೂ ಸಕ್ಕರೇನೇ, ಖರ್ಜೂರಾನೂ ಸಕ್ಕರೇನೇ. ಹೆಸರು ಬದಲಾಯಿಸಿದ್ರೆ ರಕ್ತಕ್ಕೆ ಗೊತ್ತಾಗಲ್ವಾ?” ನನ್ನ ಮುಖ ನೋಡಿ ಕನಿಕರವಾಯಿತೇನೋ, ಕೂರಿಸಿಕೊಂಡು ಬಿಡಿಸಿ ಹೇಳಿದಳು. “ಆ ಮಗು ಏನನ್ನೂ ತಿನ್ನಬಾರದು ಅಂತಲ್ಲ. ತಿನ್ನೋದ್ರಲ್ಲಿ ಎಷ್ಟಿದೆ ಅಂತ ಗೊತ್ತಿರಬೇಕು. ಗೊತ್ತಿದ್ರೆ ಅದಕ್ಕೆ ಸರಿಯಾಗಿ ಸೂಜಿ ತಗೋತಾಳೆ. ಗೊತ್ತಿಲ್ದೇ ಒಳಗೆ ಹೋಗುತ್ತಲ್ಲ, ಅದೇ ಅಪಾಯ.”

ಇದನ್ನು ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದೇನೆ.

ಈಗ ಮೈದಾ ಬಿಟ್ಟು ಗೋಧಿ ಹಿಟ್ಟು, ಹುರಿದ ಕಡಲೆಕಾಯಿ ಪುಡಿ, ಸ್ವಲ್ಪ ಓಟ್ಸ್. ಮೆದುವಾಗಲು ಅರ್ಧ ಬಾಳೆಹಣ್ಣು. ಜಾಮಿಗೆ ಬದಲು ಸೇಬನ್ನು ಚಕ್ಕೆ ಚೂರಿನ ಜೊತೆ ಬೇಯಿಸಿ, ಗಟ್ಟಿಯಾಗುವ ತನಕ ಕೈಯಾಡಿಸುತ್ತೇನೆ. ಮೊನ್ನೆ ಬೇಯಿಸಿದ್ದು ಟೈಲರಣ್ಣನಿಗೆ ಹೋಯಿತು. ಅವನು ಬಿಸ್ಕತ್ತನ್ನು ಮೇಜಿನ ಮೇಲೆ ಟಕಟಕ ಬಡಿದು, “ಅಕ್ಕಾ, ಇದಕ್ಕೆ ನಾಲ್ಕು ತೂತು ಕೊರೆದುಕೊಡಿ, ಕೋಟಿಗೆ ಗುಂಡಿ ಹಾಕ್ತೀನಿ” ಅಂದ. ನಗು ಬಂತು, ಸಿಟ್ಟೂ ಬಂತು. ಇನ್ನೂ ಎರಡು ತಿಂಗಳಿದೆಯಲ್ಲ, ಕಲಿಯುತ್ತೇನೆ.

ಅಳಿಯಂದಿರು ಹಡಗಿನ ಕೆಲಸದಿಂದ ಬರುವುದಕ್ಕೆ ಇನ್ನೂ ಒಂಬತ್ತು ತಿಂಗಳಿದೆ ಅಂತ ಬರೆದಿದ್ದೀ. ಗಿರಣಿಯ ಪಾಳಿ ಮುಗಿಸಿ ಬಂದು ನೀನೊಬ್ಬಳೇ ಎಷ್ಟು ಮಾಡುತ್ತೀ? ಮಗುವನ್ನು ಧೈರ್ಯವಾಗಿ ಕಳಿಸು. ಅವಳ ಲೆಕ್ಕದ ಪುಸ್ತಕ, ಸೂಜಿ, ರಕ್ತದ ಸಕ್ಕರೆ ನೋಡುವ ಯಂತ್ರ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ.

ನೂರು ಕಾಲ ನಗುತ್ತಾ ಬಾಳಿ, ಇಬ್ಬರೂ.

ನಿನ್ನ ದೊಡ್ಡಮ್ಮ

ತಾ.ಕ. ಬೇಕರಿ ಮುಚ್ಚಿದ ಮೇಲೂ ಮೂಲೆಯ ಟೀ ಅಂಗಡಿಗೆ ವಾರಕ್ಕೆರಡು ದಿನ ಬನ್ನು ಕೊಡುವುದನ್ನು ಬಿಟ್ಟಿಲ್ಲ. ಬನ್ನಿಗೆ ಸವರುವ ಸಕ್ಕರೆ ಪಾಕದ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿಟ್ಟಿದ್ದೇನೆ, ಚೂಟಿಯ ಕೈಗೆ ಸಿಗದ ಹಾಗೆ.


ಏಪ್ರಿಲ್ 22, ಮಂಗಳವಾರ

ಮಗಳೇ,

ಕ್ಷೇಮ ಕೇಳಲು ಮುಖವಿಲ್ಲ. ಆದರೂ ಕೇಳುತ್ತೇನೆ, ಚೂಟಿ ಹೇಗಿದ್ದಾಳೆ? ಊಟ ಸೇರುತ್ತಿದೆಯೇ? ಕೈಯಲ್ಲಿ ಡ್ರಿಪ್ ಹಾಕಿದ್ದ ಜಾಗದ ಊತ ಇಳಿಯಿತೇ? ನೀವು ಹೋದ ದಿನವೇ ಬರೆಯಬೇಕಿತ್ತು. ಒಂದು ವಾರ ಹಿಡಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ನೀನು ಗಿರಣಿಯ ಬಟ್ಟೆಯಲ್ಲೇ ರೈಲು ಹತ್ತಿ ಬಂದಿದ್ದೆ, ಕೂದಲಿನಲ್ಲಿ ಇನ್ನೂ ಹತ್ತಿಯ ಎಳೆ ಇತ್ತು. ಅದನ್ನು ತೆಗೆಯಲು ಕೈ ಎತ್ತಿದೆ, ನೀನು ಸ್ವಲ್ಪ ಸರಿದೆ. ಸರಿದದ್ದು ನಿನಗೆ ಗೊತ್ತಾಗಿತ್ತೋ ಇಲ್ಲವೋ. ನನಗೆ ಗೊತ್ತಾಯಿತು.

ಡಾಕ್ಟರ ಮುಂದೆ ಗಾಬರಿಯಲ್ಲಿ ಏನು ಹೇಳಿದೆನೋ, ಈಗ ಸರಿಯಾಗಿ ಬರೆಯುತ್ತೇನೆ.

ಮೊದಲ ನಾಲ್ಕು ದಿನ ಎಲ್ಲವೂ ಚೆನ್ನಾಗಿತ್ತು. ಚೂಟಿ ನನಗೆ ಮೇಷ್ಟ್ರಾಗಿಬಿಟ್ಟಿದ್ದಳು. ನಾನು ಹಿಟ್ಟನ್ನು ಮುಷ್ಟಿಯಲ್ಲಿ ತೆಗೆದರೆ, “ಅಜ್ಜೀ, ಕಣ್ಣಳತೆ ಬೇಡ! ತಕ್ಕಡಿ ತಗೋ!” ಅಂತ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು. ಒಂದು ಬಿಸ್ಕತ್ತಿನಲ್ಲಿ ಎಷ್ಟು ಹಿಟ್ಟು, ಎಷ್ಟು ಬಾಳೆಹಣ್ಣು ಎಂದು ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆಯುವಳು, ಬೆರಳು ಚುಚ್ಚಿಕೊಂಡು ಅಂಕಿ ಬರೆಯುವಳು. ಮುಖ ಸಿಂಡರಿಸುತ್ತಿರಲಿಲ್ಲ. ನಾನೇ ಆ ಕಡೆ ತಿರುಗಿಕೊಳ್ಳುತ್ತಿದ್ದೆ.

ಗುರುವಾರ ಬಿಸ್ಕತ್ತಿನ ಟ್ರೇ ಹೊರಗೆ ತೆಗೆದೆ. ಮಗಳೇ, ನನ್ನ ಕೆಲಸ ನೀನು ನೋಡಿಕೊಂಡೇ ಬೆಳೆದವಳು. ಬಿಸಿ ಟ್ರೇ ಹೊರಗೆ ಬಂದರೆ ಎಡಗೈ ಟ್ರೇಯನ್ನು ತಿರುಗಿಸುತ್ತದೆ, ಬಲಗೈ ಪಾಕದ ಬ್ರಷ್ಷಿಗೆ ಹೋಗುತ್ತದೆ. ಬಿಸಿಯಿದ್ದಾಗಲೇ ಸವರಬೇಕು, ಇಲ್ಲದಿದ್ದರೆ ಹೊಳಪು ಬಾರದು. ಮೂವತ್ತೊಂದು ವರ್ಷ ಮಾಡಿದ ಕೈ. ಬನ್ನಿಗೆಂದು ಇಳಿಸಿದ್ದ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಕೈ ತನ್ನಷ್ಟಕ್ಕೆ ತಾನೇ ಸವರಿಬಿಟ್ಟಿದೆ, ನನ್ನ ಗಮನಕ್ಕೇ ಬಂದಿಲ್ಲ. ಮರುದಿನವೂ ಹಾಗೆಯೇ ಆಗಿದೆ. ಚೂಟಿ ಹಳೆಯ ಲೆಕ್ಕವನ್ನೇ ಬರೆದು, ಹಳೆಯ ಲೆಕ್ಕಕ್ಕೇ ಸೂಜಿ ತೆಗೆದುಕೊಂಡಿದ್ದಾಳೆ. ಗುರುವಾರ ಸಂಜೆ ಅಂಕಿ ಏರಿತ್ತು, ಆಟವಾಡಿ ದಣಿದದ್ದಕ್ಕೆ ಅಂದುಕೊಂಡೆ. ಶುಕ್ರವಾರ ಮಧ್ಯಾಹ್ನ ತಂಬಿಗೆ ತಂಬಿಗೆ ನೀರು ಕುಡಿದಳು, ವಾಂತಿ ಮಾಡಿಕೊಂಡಳು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ತನ್ನ ಅಳತೆ ಮೀರಿದೆ ಅಂತಷ್ಟೇ ತೋರಿಸಿತು. ಟೈಲರಣ್ಣ ಅಳತೆ ಕೊಡಲು ಬಂದ ಗಿರಾಕಿಯನ್ನು ಹಾಗೇ ನಿಲ್ಲಿಸಿ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ನಾನು ಚಪ್ಪಲಿಯಿಲ್ಲದೆ ಅವನ ಹಿಂದೆ ಓಡಿದೆ.

ಆದದ್ದು ಇಷ್ಟು. ಕೈಮರೆವು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿಲ್ಲ. ನನ್ನನ್ನು ಕ್ಷಮಿಸು ಅಂತಲೂ ಕೇಳುವುದಿಲ್ಲ. ನಿನಗೆ ಯಾವಾಗ ಮನಸ್ಸು ಬರುತ್ತದೋ ಆಗ ಎರಡು ಸಾಲು ಬರೆ.

ಮಗುವಿನ ತಲೆ ನೇವರಿಸಿ, ಅಜ್ಜಿ ನೇವರಿಸಿದಳು ಅಂತ ಹೇಳು.

ದೊಡ್ಡಮ್ಮ

ತಾ.ಕ. ಆ ಎರಡು ದಿನಗಳ ಬಗ್ಗೆ ಚೂಟಿ ಏನಾದರೂ ಹೇಳುತ್ತಾಳೆಯೇ? ಸುಮ್ಮನೆ ಕೇಳಿದೆ.


ಸೆಪ್ಟೆಂಬರ್ 14, ಭಾನುವಾರ

ನನ್ನ ಕಣ್ಮಣಿ ಮಗಳೇ, ನಿನಗೂ ಚೂಟಿಗೂ ಮನಸಾರೆ ಆಶೀರ್ವಾದ.

ನಿನ್ನ ಪತ್ರ ಬಂದು ತಿಂಗಳಾಯಿತು. ನಾಲ್ಕು ತಿಂಗಳು ಅಂಚೆಯವನ ದಾರಿ ಕಾದವಳು, ಪತ್ರ ಬಂದ ಮೇಲೆ ಉತ್ತರಿಸಲು ತಿಂಗಳು ತೆಗೆದುಕೊಂಡೆ. ಎಂಥಾ ಹೆಂಗಸು ಇವಳು ಅಂದುಕೊಂಡಿರುತ್ತೀ. ಅನ್ನು, ತಪ್ಪಿಲ್ಲ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. “ದೊಡ್ಡಮ್ಮಾ, ಕೈ ಮರೆತದ್ದಕ್ಕೆ ನಿನ್ನನ್ನ ಎಷ್ಟು ದಿನ ದೂರ ಇಡಲಿ? ನನಗೆ ಕಣ್ಣು ಮುಚ್ಚಿಕೊಂಡು ನಂಬೋಕೆ ಇರೋದು ನೀನೊಬ್ಬಳೇ. ಅಕ್ಟೋಬರ್ ರಜೆಗೆ ಚೂಟೀನ ಕಳಿಸ್ತೀನಿ.” ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಆಮೇಲೆ ದಿಂಬಿನ ಕೆಳಗಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ತಲೆಯ ಕೆಳಗಿದ್ದಾಗ ಯಾಕೋ ನಿದ್ದೆಯಲ್ಲೂ ಒತ್ತುತ್ತಿತ್ತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಟೀ ಅಂಗಡಿಗೆ ಬನ್ನು ಕೊಡುವುದನ್ನು ನಿಲ್ಲಿಸಿದೆ. ಅಂಗಡಿಯವನು ಮುಖ ಊದಿಸಿಕೊಂಡು ತಿರುಗುತ್ತಾನೆ. ಮನೆಯಲ್ಲಿ ಈಗ ಸಕ್ಕರೆ ಇಲ್ಲ, ನನ್ನ ಚಹಾಕ್ಕೂ ಇಲ್ಲ. ಪಾಕದ ಡಬ್ಬಿಯನ್ನು ಮೂರು ನೀರಿನಲ್ಲಿ ತೊಳೆದು ಟೈಲರಣ್ಣನಿಗೆ ಕೊಟ್ಟೆ. ಅವನು ಅದರಲ್ಲಿ ಗುಂಡಿ ಹಾಕಿಟ್ಟಿದ್ದಾನೆ. ಬ್ರಷ್ಷನ್ನು ಅಂಗಳದಲ್ಲಿ ಎಲೆ ಕಸದ ಜೊತೆ ಸುಟ್ಟೆ. ಅವನು ನೋಡುತ್ತಾ ನಿಂತಿದ್ದವನು, “ಅಯ್ಯೋ ಅಕ್ಕಾ, ಬ್ರಷ್ಷು ಪಾಪ ಏನು ಮಾಡ್ತು?” ಅಂದ. ತಮಾಷೆಗೇ ಅಂದದ್ದು. ನಾನು ಬೂದಿಗೆ ನೀರು ಸುರಿದು ಒಳಗೆ ಬಂದೆ.

ಬಿಸ್ಕತ್ತು ಕೊನೆಗೂ ಬಂತು, ಮಗಳೇ. ಬಾಳೆಹಣ್ಣು ಹಾಕಿದ್ದೇ ಅದನ್ನು ಕೆಡಿಸುತ್ತಿತ್ತು. ಒಳಗೆ ತೇವ ಉಳಿದು ಮೊದಲ ದಿನ ಮೆತ್ತಗೆ, ಮರುದಿನ ಕಲ್ಲು. ಅದನ್ನು ತೆಗೆದು ಒಂದು ಚಮಚ ಬೆಣ್ಣೆ ಹೆಚ್ಚಿಸಿದೆ. ಕಡಲೆಕಾಯಿಯನ್ನು ಇನ್ನೂ ಸ್ವಲ್ಪ ಕೆಂಪಗೆ ಹುರಿದೆ, ಅದರ ಸಿಹಿ ಅದರಲ್ಲೇ ಇದೆ, ಉರಿ ತಾಳ್ಮೆಯಿಂದ ಹೊರಗೆ ತರಬೇಕಷ್ಟೆ. ಒಂದು ಚಿಟಿಕೆ ಉಪ್ಪು. ಒಲೆಗೆ ಇಡುವ ಮೊದಲು ಮೇಲೆ ಹಾಲು ಸವರಿದರೆ ಹೊಳಪೂ ಬರುತ್ತದೆ. ಮೂವತ್ತೊಂದು ವರ್ಷ ಪಾಕವಿಲ್ಲದೆ ಹೊಳಪಿಲ್ಲ ಅಂದುಕೊಂಡಿದ್ದೆ, ಒಂದು ಚಮಚ ಹಾಲಿನಲ್ಲಿ ಆಗುವ ಕೆಲಸ ಅದು. ನರ್ಸಮ್ಮ ಕೂತು, ತೂಗಿ, ಒಂದು ಬಿಸ್ಕತ್ತಿಗೆ ಇಷ್ಟು ಅಂತ ಲೆಕ್ಕ ಬರೆದುಕೊಟ್ಟಳು. ಚೀಟಿಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ. ಟೈಲರಣ್ಣ ಒಂದು ತಿಂದ. ಕೇಳದೆಯೇ ಎರಡನೆಯದಕ್ಕೆ ಕೈ ಹಾಕಿದ. “ಇದನ್ನ ಹೊಲಿಯಕ್ಕಾಗಲ್ಲ ಅಕ್ಕಾ, ತಿನ್ನಲೇಬೇಕು” ಅಂದ.

ಹನ್ನೆರಡು ಬಿಸ್ಕತ್ತಿನ ಡಬ್ಬಿಯನ್ನು ಈ ಪತ್ರದ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ಚೀಟಿಯನ್ನು ನಂಬಬೇಡ. ಒಂದು ತಿನ್ನಿಸಿ, ಯಂತ್ರದಲ್ಲಿ ನೋಡಿ, ಆಮೇಲೆ ಉಳಿದದ್ದನ್ನು ಕೊಡು.

ಹೊಸ ಹಾಸಿಗೆ ಹೊದಿಕೆ ಒಗೆದಿಟ್ಟಿದ್ದೇನೆ. ಆದರೆ ಟಿಕೆಟ್ ತೆಗೆಸುವ ಮೊದಲು ಈ ಪತ್ರವನ್ನು ಕೊನೆಯ ತನಕ ಓದು, ಸಹಿಯಾದ ಮೇಲೆ ಇರುವುದನ್ನೂ ಓದು.

ನಿನ್ನ ಬದುಕು ತುಂಬಿಕೊಂಡಿರಲಿ, ಮಗುವಿನ ಮೈ ಗಟ್ಟಿಯಾಗಲಿ.

ನಿನ್ನ ದೊಡ್ಡಮ್ಮ

ತಾ.ಕ. ಬ್ರಷ್ಷು ಏನೂ ಮಾಡಿರಲಿಲ್ಲ, ಮಗಳೇ. ಕೈಯೂ ಮರೆತಿರಲಿಲ್ಲ. ಪಾಕದ ಡಬ್ಬಿ ಒಲೆಯ ಪಕ್ಕದಲ್ಲಿ ಇರಲಿಲ್ಲ, ಮೇಲಿನ ಶೆಲ್ಫಿನಲ್ಲೇ ಇತ್ತು. ಸ್ಟೂಲು ಎಳೆದುಕೊಂಡು, ಹತ್ತಿ, ಇಳಿಸಿದೆ. ಮರೆತ ಕೈ ಸ್ಟೂಲು ಹತ್ತುವುದಿಲ್ಲ.

ಏಪ್ರಿಲ್ಲಿನ ಆ ಗುರುವಾರದ ಹಿಂದಿನ ದಿನ, ಬುಧವಾರ, ಚೂಟಿಯ ಪೆನ್ಸಿಲ್ ಡಬ್ಬಿ ಮಂಚದ ಕೆಳಗೆ ಬಿದ್ದು ತೆರೆದುಕೊಂಡಿತು. ಒಳಗೆ ಆರು ಬಿಸ್ಕತ್ತು. ಪ್ರತಿಯೊಂದೂ ಒಂದೊಂದು ಸಲ ಕಚ್ಚಿದ್ದು. ಪ್ರತಿ ಸಲವೂ ನನ್ನ ಮುಖ ನೋಡಿ, “ತುಂಬಾ ಚೆನ್ನಾಗಿದೆ ಅಜ್ಜಿ” ಅಂದಿದ್ದಳು, ನನಗೆ ನೋವಾಗದಿರಲಿ ಅಂತ. ಅದನ್ನು ಕಂಡು ಆ ಮಗುವನ್ನು ಅಪ್ಪಿಕೊಳ್ಳಬೇಕಿತ್ತು. ನನಗೆ ಅವಮಾನವಾಯಿತು. ನನ್ನ ಬಿಸ್ಕತ್ತನ್ನು ಒಂದು ಮಗು ಬಿಟ್ಟಿತಲ್ಲ ಅಂತ ಅವಮಾನ. ಮರುದಿನ ಒಂದಲ್ಲ, ಎರಡು ಕೈ ಪಾಕ ಸವರಿದೆ. ಸೇಬಿಗೂ ಕಲಸಿದೆ. ಒಂದೆರಡು ದಿನಕ್ಕೆ ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ, ಗೋಡೆಯ ಮೇಲೆ ನಾನೇ ಬರೆದದ್ದರ ಕಡೆ ಬೆನ್ನು ಹಾಕಿ.

ಅವಳು ಒಂದು ಕಚ್ಚಿದವಳೇ ಕಣ್ಣರಳಿಸಿದಳು. “ಅಜ್ಜೀ! ಹಳೇ ಬಿಸ್ಕತ್ತು ಬಂತು!” ಅಂದಳು. ಆಮೇಲೆ ಪುಸ್ತಕ ತೆರೆದಳು, ಪೆನ್ಸಿಲ್ ಹಿಡಿದು ಕೇಳಿದಳು, “ಇದರಲ್ಲಿ ಸಕ್ಕರೆ ಇದೆಯಾ? ಇದ್ರೆ ಬರೀತೀನಿ, ಅಷ್ಟೇ.” ಇದ್ದರೆ ಬರೆಯುತ್ತೇನೆ, ಅಷ್ಟೇ. ಅಷ್ಟೇ ಬೇಕಾಗಿತ್ತು ಆ ಮಗುವಿಗೆ. ನಾನು “ಇಲ್ಲ ಕಂದ, ತಿನ್ನು” ಅಂದೆ. ಶುಕ್ರವಾರ ಬೆಳಿಗ್ಗೆ ಅಂಕಿ ನೋಡಿ ಮತ್ತೆ ಕೇಳಿದಳು, “ಅಜ್ಜಿ, ನಿಜವಾಗ್ಲೂ ಇಲ್ಲ ತಾನೆ?” ನಾನು ಏನಂದೆ ಗೊತ್ತೇ? “ಅಜ್ಜಿ ಮೇಲೆ ನಂಬಿಕೆ ಇಲ್ವಾ?” ಅಂದೆ. ಅವಳು ತಲೆ ತಗ್ಗಿಸಿ ಹಳೆಯ ಅಂಕಿಯನ್ನೇ ಬರೆದಳು.

ಇದನ್ನು ನಾನು ಸಾಯುವ ತನಕ ಒಳಗೇ ಇಟ್ಟುಕೊಳ್ಳುತ್ತಿದ್ದೆನೇನೋ. ಅಷ್ಟು ಒಳ್ಳೆಯವಳೇನಲ್ಲ ನಾನು. ಆದರೆ ನಿನ್ನ ಲಕೋಟೆಯಲ್ಲಿ ಚೂಟಿ ಬರೆದ ಚಿತ್ರವಿತ್ತಲ್ಲ, ಅದರ ಮಡಿಕೆಯೊಳಗೆ ಒಂದು ಚೀಟಿ ಇತ್ತು. ನೀನು ನೋಡಿರಲಾರೆ. “ಅಜ್ಜಿ, ನಾನು ಕೇಳಿದ್ದು, ನೀನು ಇಲ್ಲ ಅಂದಿದ್ದು ಅಮ್ಮಂಗೆ ಹೇಳಿಲ್ಲ. ನೀನೂ ಹೇಳ್ಬೇಡ. ಹೇಳಿದ್ರೆ ಅಮ್ಮ ನನ್ನ ಕಳಿಸಲ್ಲ.”

ನೆನಪಿದೆಯೇ, ಅವಳಷ್ಟೇ ವಯಸ್ಸಿನವಳಿದ್ದಾಗ ನೀನು ಒಂದು ಬಿಸ್ಕತ್ತು ಕದ್ದು ಇಲ್ಲ ಅಂದದ್ದಕ್ಕೆ ನಿನ್ನನ್ನು ಮಧ್ಯಾಹ್ನದ ತನಕ ಬಾಗಿಲ ಬಳಿ ನಿಲ್ಲಿಸಿದ್ದೆ. ಈಗ ನನ್ನ ಸುಳ್ಳನ್ನು ಎಂಟು ವರ್ಷದ ಮಗುವಿನ ಹೆಗಲಿಗೆ ಹಾಕಿದ್ದೇನೆ. ಅವಳು ಐದು ತಿಂಗಳಿಂದ ಹೊತ್ತುಕೊಂಡು ಶಾಲೆಗೆ ಹೋಗಿಬರುತ್ತಿದ್ದಾಳೆ, ದಿನಾ ನಿನ್ನ ಎದುರು ಕೂತು ಊಟ ಮಾಡುತ್ತಿದ್ದಾಳೆ.

ಅವಳನ್ನು ಕಳಿಸು ಅಂತ ನಾನು ಕೇಳುವುದಿಲ್ಲ. ಅದು ನಿನ್ನ ನಿರ್ಧಾರ. ಕಳಿಸದಿದ್ದರೂ ನನ್ನ ಮಗಳು ಸರಿಯಾದದ್ದನ್ನೇ ಮಾಡಿದಳು ಅಂದುಕೊಳ್ಳುತ್ತೇನೆ. ಚೀಟಿ ಬರೆದದ್ದಕ್ಕೆ ಮಾತ್ರ ಅವಳನ್ನು ಗದರಬೇಡ. ಈ ಪತ್ರ ಸಿಕ್ಕಿದ ದಿನವೇ, ಅವಳು ಶಾಲೆಯಿಂದ ಬಂದ ಕೂಡಲೇ ಹತ್ತಿರ ಕೂರಿಸಿಕೊಂಡು ಹೇಳು: ಅಜ್ಜಿ ಎಲ್ಲವನ್ನೂ ಹೇಳಿಬಿಟ್ಟಳು, ಇನ್ನು ನೀನು ಮುಚ್ಚಿಟ್ಟುಕೊಳ್ಳಬೇಕಾದ್ದು ಏನೂ ಇಲ್ಲ ಅಂತ.